ಶನಿವಾರದ ಶಿಷ್ಯ, ಭಾನುವಾರದ ಗುರು

ಕೆಟ್ಟ ಹೆಸರು ಬಂದರೆ ಅದರಿಂದ ಪಾರಾಗುವುದಕ್ಕೆ ದಾರಿಯಿದೆ. ಊರು ಬಿಟ್ಟರೆ ಆಯಿತು. ಆದರೆ ಯೋಗ್ಯತೆಯಿಲ್ಲದೆ ಬಂದ ಒಳ್ಳೆಯ ಹೆಸರಿನಿಂದ ಪಾರಾಗುವುದು ಬಲು ಕಷ್ಟ. ನನ್ನ ವಿಷಯದಲ್ಲಂತೂ ಊರು ಬಿಟ್ಟಿದ್ದರಿಂದಲೇ ಅಂಥ ಹೆಸರೊಂದು ಗಂಟುಬಿತ್ತು. ಚಳ್ಳಕೆರೆಯಲ್ಲಿದ್ದಷ್ಟು ದಿನ ನನ್ನನ್ನು ಇಂಗ್ಲಿಷ್ ಬಲ್ಲವನೆಂದು ಯಾರೂ ತಪ್ಪಿಯೂ ಅಂದವರಲ್ಲ. ಐದನೇ ಕ್ಲಾಸಿನಲ್ಲಿ ಎಬಿಸಿಡಿ ಹಿಡಿದು, ಇಂಗ್ಲಿಷನ್ನು ಅಪ್ಪಟ ಕನ್ನಡದಲ್ಲೇ ಪಾಠ ಮಾಡುತ್ತಿದ್ದ ಮೇಷ್ಟ್ರ ಕೈಕೆಳಗೆ ಬೆಳೆದು, ಎಸ್ಸೆಸ್ಸೆಲ್ಸಿಯಲ್ಲಿ ಆ ಒಂದು ವಿಷಯದಲ್ಲಿ ಸರಿಯಾಗಿ ಮೂವತ್ತೈದು ಅಂಕ ತೆಗೆದಾಗ ನಮ್ಮಪ್ಪ ಆಂಜನೇಯನ ಗುಡಿಯಲ್ಲಿ ಕಾಯಿ ಒಡೆಸಿದ್ದರು. ಆಮೇಲೆ ಯಾವುದೋ ಪರೀಕ್ಷೆ ಬರೆದು ಕೇಂದ್ರ ಸರ್ಕಾರದ ಗುಮಾಸ್ತನಾಗಿ ದೆಹಲಿಗೆ ಬಂದಿಳಿದೆ. ಬಂದಿಳಿದ ದಿನದಿಂದಲೇ ಮದ್ರಾಸಿಯಾದೆ. ದೆಹಲಿಯವರ ಲೆಕ್ಕದಲ್ಲಿ ವಿಂಧ್ಯದ ಕೆಳಗಿನವರೆಲ್ಲ ಮದ್ರಾಸಿಗಳು. ಮದ್ರಾಸಿ ಅಂದ ಮೇಲೆ ಮೂರು ಹೊತ್ತೂ ಇಡ್ಲಿ ತಿನ್ನುತ್ತಾನೆ, ಲಂಚ ಮುಟ್ಟುವುದಿಲ್ಲ, ಇಂಗ್ಲಿಷನ್ನು ತಾಯಿಯ ಹಾಲಿನ ಜೊತೆಗೇ ಕುಡಿದಿರುತ್ತಾನೆ. ಮೊದಲನೆಯದೂ ಮೂರನೆಯದೂ ಸುಳ್ಳೆಂದು ಹೇಳಬೇಕಾಗಿತ್ತು. ಹೇಳಲಿಲ್ಲ. ಹೊಗಳಿದವರನ್ನು ತಿದ್ದುವ ಅಭ್ಯಾಸ ನಮ್ಮ ವಂಶದಲ್ಲೇ ಇಲ್ಲ.

ಸಾಲದ್ದಕ್ಕೆ ನನ್ನ ಹೆಸರು ತಿಪ್ಪೇಸ್ವಾಮಿ. ತಿಪ್ಪೇ ಎನ್ನುವುದು ಉತ್ತರದವರ ನಾಲಿಗೆಗೆ ಒಗ್ಗದೆ ಉದುರಿಹೋಗಿ ಸ್ವಾಮಿ ಮಾತ್ರ ಉಳಿಯಿತು. ಅವರು ಗೌರವಕ್ಕೆಂದು ಒಂದು ಜೀ ಸೇರಿಸಿದರು. ಹೀಗೆ ಹೆಂಡತಿ ಮಕ್ಕಳಿರುವ, ಬೆಳ್ಳುಳ್ಳಿ ಚಟ್ನಿ ಇಲ್ಲದೆ ಊಟ ಸೇರದ ನಾನು ದ್ವಾರಕಾದ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಸ್ವಾಮೀಜಿಯಾದೆ. ಸೊಸೈಟಿಯ ಕಾಗದ ಪತ್ರಗಳೆಲ್ಲ ನನ್ನ ಪಾಲಿಗೆ ಬಂದವು. ನೀರಿನ ಟ್ಯಾಂಕರ್ ಬರಲಿಲ್ಲವೆಂದರೆ ಸ್ವಾಮೀಜಿ, ಲಿಫ್ಟು ನಿಂತಿತೆಂದರೆ ಸ್ವಾಮೀಜಿ. ಇಪ್ಪತ್ತೈದು ವರ್ಷ ಫೈಲಿನ ಮೇಲೆ ಟಿಪ್ಪಣಿ ಬರೆದ ಕೈ ನನ್ನದು. ‘ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಲು ನಿರ್ದೇಶಿತನಾಗಿದ್ದೇನೆ’ ಎಂಬುದರ ಇಂಗ್ಲಿಷನ್ನು ನಾನು ನಿದ್ದೆಯಲ್ಲೂ ಬರೆಯಬಲ್ಲೆ. ಓದಿದವರಿಗೆ ಏನೂ ಅರ್ಥವಾಗುತ್ತಿರಲಿಲ್ಲ, ಹಾಗಾಗಿ ಬಹಳ ಮೆಚ್ಚುತ್ತಿದ್ದರು. ಬರೆಯುವ ಇಂಗ್ಲಿಷೇ ಬೇರೆ, ಮಾತಾಡುವ ಇಂಗ್ಲಿಷೇ ಬೇರೆ ಎಂಬ ಗುಟ್ಟು ನನಗೂ ನನ್ನ ಹೆಂಡತಿ ಗಿರಿಜೆಗೂ ಬಿಟ್ಟು ಆ ಕಟ್ಟಡದಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಒಂದು ಭಾನುವಾರ ಎದುರು ಮನೆಯ ತ್ಯಾಗೀಜಿ ತಮ್ಮ ಸೊಸೆ ಪೂನಮ್‌ಳನ್ನು ಕರೆದುಕೊಂಡು ಬಂದರು. ತ್ಯಾಗೀಜಿ ನಿವೃತ್ತ ಇಂಜಿನಿಯರು, ಸೊಸೈಟಿಯ ಕಾರ್ಯದರ್ಶಿ. ಅವರ ಮನೆಯಲ್ಲಿ ಫ್ಯಾನು ಎಷ್ಟರಲ್ಲಿ ತಿರುಗಬೇಕೆನ್ನುವುದನ್ನೂ ಅವರೇ ನಿರ್ಧರಿಸುತ್ತಾರೆ. ಮಗ ಎನ್ನುವವನು ಅಪ್ಪನ ಮಾತಿಗೆ ಹ್ಞಾಂಜೀ ಅನ್ನುವುದಕ್ಕೆಂದೇ ಇರುವವನು. ಪೂನಮ್ ಮೇರಠ್ ಕಡೆಯ ಹುಡುಗಿ, ಹಿಂದಿ ಮಾಧ್ಯಮದಲ್ಲಿ ಬಿ.ಎ. ಮಾಡಿದ್ದಳು. ಆ ದಿನಗಳಲ್ಲಿ ಗುಡಗಾಂವಿನ ಕಾಲ್ ಸೆಂಟರುಗಳ ಬಿಳಿ ಗಾಡಿಗಳು ನಮ್ಮ ಸೆಕ್ಟರಿನ ಗೇಟು ಗೇಟಿಗೂ ಬಂದು ಹುಡುಗ ಹುಡುಗಿಯರನ್ನು ಹತ್ತಿಸಿಕೊಂಡು ಹೋಗುತ್ತಿದ್ದವು. ಅವಳೂ ಒಂದು ಕಡೆ ಇಂಟರ್‌ವ್ಯೂಗೆ ಹೋಗಿದ್ದಳು. ‘ನಿಮ್ಮ ಇಂಗ್ಲಿಷ್ ಪುಸ್ತಕದ ಹಾಗಿದೆ, ಫೋನಿನಲ್ಲಿ ಜನ ಹೀಗೆ ಮಾತಾಡೋದಿಲ್ಲ, ಫ್ರೇಸಲ್ ವರ್ಬ್ ಕಲಿತುಕೊಂಡು ಬನ್ನಿ’ ಎಂದು ಅಲ್ಲಿಯವರು ವಾಪಸು ಕಳಿಸಿದ್ದರು.

“ಸ್ವಾಮೀಜಿ, ನನ್ನ ಸೊಸೆ ಇನ್ನೊಂದು ಸಲ ಫೇಲಾಗಿ ಬರಬಾರದು. ಕಾಲೊನಿಯಲ್ಲಿ ತಲೆ ಎತ್ತೋದು ಹೇಗೆ? ಆ ಕೋಚಿಂಗು ಗೀಚಿಂಗು ಅಂತ ಊರೆಲ್ಲ ಸುತ್ತೋದೂ ಬೇಡ. ಪ್ರತಿ ಭಾನುವಾರ ನಿಮ್ಮ ಹತ್ತಿರ ಕೂತು ಕಲೀಲಿ. ನೀವು ತಯಾರಾಗಿದ್ದಾಳೆ ಅಂದ ದಿನ ಗುಡಗಾಂವಿಗೆ ಹೋಗಲಿ. ಅಲ್ಲಿವರೆಗೆ ಇಲ್ಲ” ಎಂದು ತ್ಯಾಗೀಜಿ ತೀರ್ಪು ಕೊಟ್ಟರು. ಪೂನಮ್ ನನ್ನ ಮುಖವನ್ನೇ ನೋಡುತ್ತಿದ್ದಳು. ಫ್ರೇಸಲ್ ವರ್ಬ್ ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಅರ್ಥವಾಗದ ಮಾತಿಗೆ ಗಂಭೀರವಾಗಿ ತಲೆಯಾಡಿಸುವುದು ಸರ್ಕಾರಿ ನೌಕರಿಯಲ್ಲಿ ಮೊದಲು ಕೈಗೂಡುವ ವಿದ್ಯೆ. ತಲೆಯಾಡಿಸಿದೆ. “ಚಲೋ, ಇದೇನು ಮಹಾ” ಎಂದೂ ಅಂದೆ.

ಅವರು ಹೋದ ಮೇಲೆ ನಿಘಂಟು ತೆಗೆದೆ. ವಿಷಯ ಇಷ್ಟೇ: ಲುಕ್, ಗಿವ್, ಪುಟ್, ಗೆಟ್ ಎಂಬ ಬಡಪಾಯಿ ಕ್ರಿಯಾಪದಗಳಿಗೆ ಅಪ್, ಆಫ್, ಇನ್, ಔಟ್ ಎಂದು ಬಾಲ ಕಟ್ಟುತ್ತಾರೆ. ಬಾಲ ಬದಲಾದರೆ ಅರ್ಥ ಬುಡಮೇಲು. ಲುಕ್ ಆಫ್ಟರ್ ಅಂದರೆ ಸಾಕುವುದು, ಲುಕ್ ಡೌನ್ ಆನ್ ಅಂದರೆ ಕೀಳಾಗಿ ಕಾಣುವುದು, ಲುಕ್ ಫಾರ್ವರ್ಡ್ ಟು ಅಂದರೆ ಕಾಯುವುದು. ಇವಿಷ್ಟರಲ್ಲಿ ಯಾರೂ ಏನನ್ನೂ ನೋಡುವುದೇ ಇಲ್ಲ. ನನ್ನ ಇಡೀ ಸರ್ವಿಸಿನಲ್ಲಿ ನನಗೆ ಬೇಕಾಗಿದ್ದದ್ದು ಪುಟ್ ಅಪ್ ಒಂದೇ. ನಮ್ಮ ಕಚೇರಿಯಲ್ಲಿ ಕೆಳಗಿನವನು ಮೇಲಿನವನಿಗೆ ಫೈಲನ್ನು ಪುಟ್ ಅಪ್ ಮಾಡುತ್ತಾನೆ, ಮೇಲಿನವನು ಅವನಿಗೂ ಮೇಲಿನವನಿಗೆ ಪುಟ್ ಅಪ್ ಮಾಡುತ್ತಾನೆ, ಅಷ್ಟರಲ್ಲಿ ಎಲ್ಲರಿಗೂ ಪೆನ್ಷನ್ ವಯಸ್ಸಾಗುತ್ತದೆ. ನಿಘಂಟಿನಲ್ಲಿ ಅದಕ್ಕೇ ಆರು ಅರ್ಥ ಕೊಟ್ಟಿದ್ದರು. ಆರರಲ್ಲಿ ನಮ್ಮ ಕಚೇರಿಯದ್ದು ಇರಲಿಲ್ಲ. ಆ ಘಳಿಗೆಯಲ್ಲಿ ಎದುರು ಮನೆಗೆ ಹೋಗಿ ‘ನನಗೆ ಬರುವುದಿಲ್ಲ’ ಎಂದಿದ್ದರೆ ಕಥೆ ಮುಗಿಯುತ್ತಿತ್ತು. ಅದರ ಬದಲು ಲಕ್ಷ್ಮೀ ನಗರಕ್ಕೆ ಹೋದೆ.

ದ್ವಾರಕಾದಿಂದ ಲಕ್ಷ್ಮೀ ನಗರವೆಂದರೆ ದೆಹಲಿಯ ಒಂದು ತುದಿಯಿಂದ ಇನ್ನೊಂದು ತುದಿ. ನಮ್ಮ ಲೈನಿನ ಮೆಟ್ರೋ ಆಗಿನ್ನೂ ಯಮುನೆ ದಾಟಿರಲಿಲ್ಲ. ಅದು ಮುಗಿಯುವಲ್ಲಿ ಇಳಿದು ಬಸ್ಸಿನಲ್ಲಿ ನೇತಾಡಿಕೊಂಡು ಹೊಳೆ ದಾಟಬೇಕು. ಅಷ್ಟು ದೂರ ಆರಿಸಿಕೊಂಡಿದ್ದು ಗುರುತಿನವರು ಯಾರೂ ಸಿಗದಿರಲಿ ಎಂದೇ. ಗಿರಿಜೆಗೆ “ಆಡಿಟ್ ಬಂದಿದೆ, ಶನಿವಾರವೂ ಆಫೀಸು” ಎಂದೆ. ಒಂದು ಸಂದಿಯ ಮೂರನೇ ಮಹಡಿಯಲ್ಲಿ, ಕೆಳಗೆ ಸಮೋಸಾ ಕರಿಯುವ ಹೊಗೆ ಮೇಲೆ ಬರುವ ಕೋಣೆಯಲ್ಲಿ, ಇಪ್ಪತ್ತರ ಹರೆಯದ ನಲವತ್ತು ಮಂದಿಯ ನಡುವೆ ಐವತ್ತು ದಾಟಿದ ನಾನು. ಮೊದಲ ದಿನ ನಾನು ಒಳಗೆ ಬಂದಾಗ ಇಡೀ ತರಗತಿ ಎದ್ದು ನಿಂತು ಗುಡ್ ಮಾರ್ನಿಂಗ್ ಸರ್ ಎಂದಿತು. ನಾನು ಕೊನೆಯ ಬೆಂಚಿಗೆ ಹೋಗಿ ಕೂತಾಗ ಅವರಿಗೆ ಬಹಳ ಬೇಸರವಾಯಿತು.

ನಮ್ಮ ಮಾಸ್ಟರು ಪಟ್ನಾ ಕಡೆಯವರು, ಕಲಿಸುವುದರಲ್ಲಿ ಗಟ್ಟಿಗರು. ನಾವು ಮಗ್ಗಿ ಕಲಿತಂತೆ ಇಡೀ ತರಗತಿಯಿಂದ ಒಟ್ಟಿಗೆ ಕೂಗಿಸುತ್ತಿದ್ದರು. ಅವರ ಉದಾಹರಣೆಗಳೆಲ್ಲ ಪಿಂಕಿ ಎಂಬ ಒಬ್ಬಳೇ ಹುಡುಗಿಗೆ ಸಂಬಂಧಿಸಿದವು. ಪಿಂಕಿಯನ್ನು ಚಿಕ್ಕಪ್ಪ ಬ್ರಿಂಗ್ ಅಪ್ ಮಾಡಿದ. ಪಿಂಕಿ ಓದನ್ನು ಗಿವ್ ಅಪ್ ಮಾಡಿದಳು. ಮೂರನೇ ವಾರ ಚಿಕ್ಕಮ್ಮನ ಜೊತೆ ಫಾಲ್ ಔಟ್ ಆಯಿತು, ಅಂದರೆ ಮನಸ್ತಾಪ. ನಾಲ್ಕನೇ ವಾರ ಪಿಂಕಿ ರನ್ ಅವೇ. ಮನೆ ಬಿಟ್ಟೇ ಹೋದಳು. ಚಿಕ್ಕಪ್ಪ ಬ್ರೇಕ್ ಡೌನ್ ಆಗಿ ಅತ್ತ. ಶನಿವಾರ ಅಷ್ಟು ದೂರ ಹೋಗುವುದು ಮೊದಮೊದಲು ಶಿಕ್ಷೆಯಾಗಿತ್ತು; ಆಮೇಲೆ ಪಿಂಕಿಯ ಗತಿ ಏನಾಯಿತೋ ಎಂಬ ಚಿಂತೆಯಲ್ಲಿ ಬೆಳಿಗ್ಗೆ ಆರಕ್ಕೇ ಎಚ್ಚರವಾಗುತ್ತಿತ್ತು.

ಶನಿವಾರ ಕಲಿತದ್ದನ್ನು ಭಾನುವಾರ ಬೆಳಿಗ್ಗೆ ಪೂನಮ್‌ಗೆ ಹಾಗೆಯೇ ದಾಟಿಸುತ್ತಿದ್ದೆ, ಪಿಂಕಿಯ ಸಮೇತ. ಹಿಂದಿನ ದಿನದ ಮಾತು ಬಾಯಿಯಲ್ಲಿ ಇನ್ನೂ ಬಿಸಿಯಾಗಿರುತ್ತಿದ್ದುದರಿಂದ ಪಾಠ ಚೆನ್ನಾಗಿಯೇ ಸಾಗುತ್ತಿತ್ತು. ಅವಳು ಪಟ್ಟಿಯಲ್ಲಿಲ್ಲದ ಪ್ರಶ್ನೆ ಕೇಳಿದರೆ “ಅದು ಮುಂದೆ ಬರುತ್ತದೆ ಬೇಟಾ, ಅವಸರ ಮಾಡಬಾರದು” ಅನ್ನುತ್ತಿದ್ದೆ. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಲೇ ಕೇಳಿಸಿಕೊಳ್ಳುತ್ತಿದ್ದ ಗಿರಿಜೆ ಒಂದು ಬುಧವಾರ ಊಟಕ್ಕೆ ಬಡಿಸುತ್ತಾ, “ರೀ, ಆ ಪಿಂಕಿ ವಾಪಸ್ ಬಂದಳಾ?” ಎಂದು ಕೇಳಿದಳು. ಶನಿವಾರದವರೆಗೆ ನನಗೂ ಗೊತ್ತಾಗುವಂತಿರಲಿಲ್ಲ.

ಒಮ್ಮೆ ಪೂನಮ್, “ಅಂಕಲ್‌ಜೀ, ನಿಮ್ಮ ಭಾಷೇಲೂ ಈ ಪೀಡೆ ಇದೆಯಾ?” ಎಂದಳು. ನಾನು ಎದೆಯುಬ್ಬಿಸಿ, “ಕನ್ನಡದಲ್ಲಿ ಇಂಥ ಮೋಸ ಇಲ್ಲ. ನಮ್ಮದು ನೇರ ಭಾಷೆ” ಎಂದೆ. ಗಿರಿಜೆ ಕಾಫಿ ಲೋಟ ಇಡುತ್ತಾ, “ಹೌದಾ? ಹಾಗಾದರೆ ತಿಂದ, ತಿಂದುಬಿಟ್ಟ, ತಿಂದುಹಾಕಿದ, ತಿಂದುಕೊಂಡ, ಇವಕ್ಕೆಲ್ಲ ವ್ಯತ್ಯಾಸ ಏನು, ಆ ಹುಡುಗಿಗೆ ಹೇಳಿ ನೋಡೋಣ” ಎಂದಳು. ನಾನು ಹೇಳಲು ಹೊರಟೆ. ತಿಂದ ಅಂದರೆ ತಿಂದ. ತಿಂದುಬಿಟ್ಟ ಅಂದರೆ ತಿನ್ನಬಾರದಾಗಿತ್ತು, ಅಥವಾ ತಿನ್ನಲಾರ ಅಂದುಕೊಂಡಿದ್ದೆವು, ಅಥವಾ ಸದ್ಯ ಮುಗಿಯಿತು. ತಿಂದುಹಾಕಿದ ಅಂದರೆ ಬೇರೆಯವರಿಗೆ ಉಳಿಸಲಿಲ್ಲ. ನಮ್ಮ ಮಾಮೂಲಿ ‘ಹೋದ’ ತೆಗೆದುಕೊಳ್ಳಿ. ಗಂಡ ಹೋದ ಅಂದರೆ ಆಫೀಸಿಗೆ ಹೋದ. ಅದೇ ಗಂಡ ಹೋಗಿಬಿಟ್ಟ ಅಂದರೆ ಕೇಳಿದವರು ಸೆರಗನ್ನು ಬಾಯಿಗಿಟ್ಟುಕೊಳ್ಳುತ್ತಾರೆ. ಐವತ್ತು ವರ್ಷದಿಂದ ಈ ಭಾಷೆಯಲ್ಲೇ ಉಸಿರಾಡುತ್ತಿದ್ದರೂ ಇದನ್ನು ಹಿಂದಿಯಲ್ಲಿ ವಿವರಿಸಲು ನನ್ನಿಂದಾಗಲಿಲ್ಲ. “ಅದೂ ಮುಂದೆ ಬರುತ್ತದೆ” ಎಂದು ಕಾಫಿ ಕುಡಿದೆ.

ದಸರಾ ಕಳೆದ ಮೇಲೆ ಗುಡಗಾಂವಿನ ಒಂದು ಕಂಪನಿ ಇಂಟರ್‌ವ್ಯೂ ಕರೆಯಿತು. ಆಸ್ಟ್ರೇಲಿಯಾದವರ ಜೊತೆ ಫೋನಿನಲ್ಲಿ ಮಾತಾಡುವ ಕೆಲಸ. ಅವರ ಹಗಲು ನಮಗಿಂತ ಮೊದಲೇ ಶುರುವಾಗುವುದರಿಂದ ಮಧ್ಯಾಹ್ನಕ್ಕೆಲ್ಲ ಮನೆಗೆ ಬರಬಹುದು. ಪೂನಮ್‌ಗೆ ಹೇಳಿ ಮಾಡಿಸಿದಂತಿತ್ತು. ತ್ಯಾಗೀಜಿ ಬಂದು ಕೇಳಿದರು: “ಸ್ವಾಮೀಜಿ, ತಯಾರಾಗಿದ್ದಾಳಾ?”

ಇಲ್ಲಿ ನಮ್ಮ ಕಚೇರಿಯ ಒಂದು ಪದ್ಧತಿ ಹೇಳಬೇಕು. ಮೇಲಧಿಕಾರಿಯ ಮೇಜಿಗೆ ಬಂದ ಫೈಲಿಗೆ ಹೌದು ಅಂದರೂ ಕಷ್ಟ, ಇಲ್ಲ ಅಂದರೂ ಕಷ್ಟ ಎಂದಾದಾಗ ಅವರು ಅಂಚಿನಲ್ಲಿ ‘ಪ್ಲೀಸ್ ಸ್ಪೀಕ್’ ಎಂದು ಬರೆದು ಕೆಳಗಿಳಿಸುತ್ತಾರೆ. ಬಂದು ಮಾತಾಡಿ ಎಂದು ಅರ್ಥ. ಕೆಳಗಿನವನು ಮಾತಾಡಲು ಹೋದಾಗಲೆಲ್ಲ ಸಾಹೇಬರು ಮೀಟಿಂಗಿನಲ್ಲಿರುತ್ತಾರೆ. ಫೈಲು ಅಲ್ಲೇ ಮಲಗುತ್ತದೆ. ಯಾರ ಮೇಲೂ ಆರೋಪವಿಲ್ಲ. ಗುಮಾಸ್ತನಾಗಿದ್ದಾಗ ಅಂಥ ಸಾಹೇಬರನ್ನು ಕ್ಯಾಂಟೀನಿನಲ್ಲಿ ಕೂತು ಬೈದಷ್ಟು ನಾನು ಇನ್ನಾರನ್ನೂ ಬೈದಿಲ್ಲ. ಸೆಕ್ಷನ್ ಆಫೀಸರ್ ಆದ ಮೇಲೆ ನಾನೂ ಬರೆಯತೊಡಗಿದೆ.

ಪೂನಮ್ ಇಂಟರ್‌ವ್ಯೂನಲ್ಲಿ ಎಡವಿದರೆ ಕಲಿಸಿದವರು ಯಾರು ಅನ್ನುತ್ತಾರೆ. ಸ್ವಾಮೀಜಿ ಅನ್ನುತ್ತಾಳೆ. ನನ್ನ ಪಾಠ ಆಗ ಗೆಟ್ ಎಂಬುದರ ಹತ್ತಿರ ಬಂದಿತ್ತು, ಅದಕ್ಕೆ ಬಾಲಗಳೇ ಇಪ್ಪತ್ತಿದ್ದವು, ನನಗೆ ಬಂದದ್ದು ನಾಲ್ಕು. ನಾನು ಕನ್ನಡಕ ತೆಗೆದು ಒರೆಸುತ್ತಾ, “ಹುಡುಗಿ ಜಾಣೆ. ಆದರೆ ಇನ್ನೂ ಸ್ವಲ್ಪ ಪಕ್ವವಾಗಬೇಕು ತ್ಯಾಗೀಜಿ” ಎಂದೆ. ತ್ಯಾಗೀಜಿ ಅಚ್ಛಾ ಅಂದು ಹೊರಟರು. ಇಂಟರ್‌ವ್ಯೂ ಕಳೆದುಹೋಯಿತು. ಮುಂದಿನ ಭಾನುವಾರ ಪೂನಮ್ ಎಂದಿನಂತೆ ನೋಟ್‌ಬುಕ್ ಹಿಡಿದು ಬಂದು ಕೂತಳು. ನನಗೆ ಸಮಾಧಾನವೇ ಆಯಿತು.

ಡಿಸೆಂಬರ್ ಚಳಿಯಲ್ಲಿ ಅದೇ ಕಂಪನಿ ಮತ್ತೆ ಕರೆಯಿತು. ಈ ಸಲ ಅವಳೇ ಬಾಯಿಬಿಟ್ಟು ಕೇಳಿದಳು. “ಅಂಕಲ್‌ಜೀ, ಆ ಮನೇಲಿ ನನ್ನನ್ನ ಯಾರೂ ಏನೂ ಕೇಳಲ್ಲ. ರೊಟ್ಟಿ ಆಯ್ತಾ ಅಂತ ಮಾತ್ರ ಕೇಳ್ತಾರೆ. ಈ ಸಲ ಹೋಗಲಾ?” ಅವಳ ಕಣ್ಣಲ್ಲಿ ನೀರಿತ್ತು. ನನ್ನ ಕರುಳು ಚುರ್ ಎಂದಿತು. ಅದು ಚುರ್ ಎಂದದ್ದು ನಿಜ. ಆದರೂ ಸಂಜೆ ತ್ಯಾಗೀಜಿ ಬಂದಾಗ ನನ್ನ ಬಾಯಿಂದ ಹೊರಟದ್ದು, “ಹೋಳಿ ಹೊತ್ತಿಗೆ ಗ್ಯಾರಂಟಿ ತಯಾರಾಗ್ತಾಳೆ” ಎಂಬ ಮಾತು.

ಅವರು ಹೋದ ಮೇಲೆ ಗಿರಿಜೆ ಬಾಗಿಲು ಹಾಕಿ ಬಂದು ನನ್ನೆದುರು ಕೂತಳು. ಅವಳು ಕೆಲಸ ಬಿಟ್ಟು ಎದುರು ಕೂತಳೆಂದರೆ ನನ್ನ ಗ್ರಹಚಾರ ಕೆಟ್ಟಿತೆಂದು ಅರ್ಥ.

“ಆಡಿಟ್ ಮುಗೀತೇನ್ರೀ?”

“ಇನ್ನೂ ಇದೆ.”

“ಲಕ್ಷ್ಮೀ ನಗರದಲ್ಲಿ ಯಾವ ಆಡಿಟ್ರೀ? ನಿಮ್ಮ ಶರ್ಟು ಒಗೆಯೋಳು ನಾನು. ಜೇಬಲ್ಲಿ ಬಸ್ ಟಿಕೆಟ್ಟು, ಬ್ಯಾಗಲ್ಲಿ ನೋಟ್‌ಬುಕ್ಕು. ಮೇಲ್ಗಡೆ ಮುದ್ದಾಗಿ ತಿಪ್ಪೇಸ್ವಾಮಿ, ಬಿ ಬ್ಯಾಚು ಅಂತ ಬರ್ಕೊಂಡಿದ್ದೀರಿ. ಕಲಿಯೋದರಲ್ಲಿ ತಪ್ಪೇನಿಲ್ಲ. ಈ ವಯಸ್ಸಲ್ಲಿ ಅಷ್ಟು ದೂರ ಹೋಗಿ ಕಲೀತಾರಲ್ಲ ಅಂತ ನನಗೆ ಹೆಮ್ಮೇನೇ ಆಗಿತ್ತು.” ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. “ಆದರೆ ತಯಾರಾಗದೆ ಇರೋದು ನೀವು. ಅವಳು ತಯಾರಾಗಿಲ್ಲ ಅಂತ ಹೇಳ್ತಿದ್ದೀರಿ. ಇದು ಪಾಪ ಅಲ್ವೇನ್ರೀ?”

ನಾಚಿಕೆಯಾಯಿತು. ಕ್ಯಾಂಟೀನಿನಲ್ಲಿ ಕೂತು ನಾನು ಬೈಯುತ್ತಿದ್ದ ಸಾಹೇಬರ ಸಾಲಿಗೇ ನಾನೂ ಸೇರಿದ್ದೆ. ಶಾಲು ಹೊದ್ದು ಎದುರು ಮನೆಯ ಬೆಲ್ ಒತ್ತಿದೆ.

ತ್ಯಾಗೀಜಿ ರೂಮ್ ಹೀಟರಿನ ಮುಂದೆ ಕಡಲೆಕಾಯಿ ಸುಲಿಯುತ್ತಿದ್ದರು. ಪೂನಮ್ ಚಹಾ ತಂದಿಟ್ಟು ಬಾಗಿಲ ಬಳಿ ನಿಂತಳು. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ನನಗೆ ಇಂಗ್ಲಿಷ್ ಮಾತಾಡಲು ಬರುವುದಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಮೂವತ್ತೈದು. ಪ್ರತಿ ಶನಿವಾರ ಲಕ್ಷ್ಮೀ ನಗರದಲ್ಲಿ ಕಲಿತು ಬಂದು ಇವಳಿಗೆ ಹೇಳುತ್ತಿದ್ದೇನೆ. ಇವಳು ತಯಾರಾಗಿದ್ದಾಳೋ ಇಲ್ಲವೋ ಹೇಳುವ ಯೋಗ್ಯತೆ ನನಗಿಲ್ಲ, ಹಿಂದೆಯೂ ಇರಲಿಲ್ಲ. ಹೇಳಿ ಮುಗಿಸಿ ತಲೆ ತಗ್ಗಿಸಿ ಕೂತೆ.

ತ್ಯಾಗೀಜಿ ಕಡಲೆಕಾಯಿ ಕೆಳಗಿಟ್ಟು ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. “ನೋಡು ಪೂನಮ್, ನೋಡಿ ಕಲಿ! ಇದಕ್ಕೆ ವಿನಯ ಅಂತಾರೆ. ನಮ್ಮ ಕಡೆಯವನು ನಾಲ್ಕಕ್ಷರ ಕಲಿತರೆ ನೆಲದ ಮೇಲೆ ನಿಲ್ಲಲ್ಲ. ಇವರು ಇಷ್ಟು ದೊಡ್ಡ ವಿದ್ವಾಂಸರು, ನನಗೇನೂ ಬರಲ್ಲ ಅಂತಾರೆ! ಮದ್ರಾಸಿಗಳಿಂದ ಇದನ್ನ ಕಲೀಬೇಕು.”

“ತ್ಯಾಗೀಜಿ, ನಿಜವಾಗಿಯೂ ಬರುವುದಿಲ್ಲ” ಎಂದೆ.

“ವಾಹ್!” ಎಂದರು ತ್ಯಾಗೀಜಿ.

ಪ್ರಮಾಣ ಮಾಡಿದೆ. ಅದಕ್ಕೂ ವಾಹ್ ಎಂದರು. ಒಳ್ಳೆಯ ಹೆಸರು ಅಂಟಿಕೊಂಡರೆ ಉಜ್ಜಿದರೂ ಹೋಗದೆಂದು ಮೊದಲೇ ಹೇಳಿದೆನಲ್ಲ. ಕೊನೆಗೆ ಸೋತು, “ಆಗಲಿ, ಹೇಗಾದರೂ ಅಂದುಕೊಳ್ಳಿ. ನಾಳೆ ಅವಳನ್ನು ಗುಡಗಾಂವಿಗೆ ಕಳಿಸಿ. ತಯಾರಾಗಿದ್ದಾಳೆ” ಎಂದೆ. “ನೀವಂದ ಮೇಲೆ ಮುಗೀತು” ಎಂದರು.

ಪೂನಮ್ ಹೋದಳು. ಅಂದೇ ಆಯ್ಕೆಯಾದಳು. ಕೆಲಸಕ್ಕೆ ಸೇರಿದ ಮೊದಲ ಭಾನುವಾರ ಒಂದು ಡಬ್ಬಿ ಮಿಠಾಯಿ ಹಿಡಿದು ಬಂದಳು. ಅವಳ ನಡಿಗೆಯೇ ಬದಲಾಗಿತ್ತು. ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ, ಭಾನುವಾರವಾದರೂ ತೆಗೆದಿರಲಿಲ್ಲ. ನನ್ನ ಕಾಲು ಮುಟ್ಟಿದಳು. ನಾನು ಮುಜುಗರದಿಂದ, “ಅವತ್ತು ನಾನು ಹೇಳಿದ್ದೆಲ್ಲ ನಿಜ ಬೇಟಾ. ವಿನಯ ಗಿನಯ ಏನಲ್ಲ” ಎಂದೆ.

“ಗೊತ್ತು ಅಂಕಲ್‌ಜೀ” ಎಂದಳು. “ನನ್ನ ಸೋದರಮಾವನ ಮಗಳು ಲಕ್ಷ್ಮೀ ನಗರದ ಅದೇ ಕ್ಲಾಸಿಗೆ ಹೋಗ್ತಾಳೆ, ಎ ಬ್ಯಾಚು. ಅವಳು ಫೋನಲ್ಲಿ ಪಿಂಕಿ ಕಥೆ ಹೇಳಿದಳು. ನಿಮ್ಮ ಪಿಂಕಿ ಇನ್ನೂ ಮನೆ ಬಿಟ್ಟು ಹೋಗಿದ್ದಳಷ್ಟೆ, ಅವಳ ಬ್ಯಾಚಿನ ಪಿಂಕಿಗೆ ಆಗಲೇ ಮದುವೆ ಆಗಿತ್ತು. ದೀಪಾವಳಿಗೂ ಮೊದಲಿಂದ ನಾನು ಅವಳ ಹತ್ತಿರಾನೇ ಫೋನಲ್ಲಿ ಕಲೀತಿದ್ದೆ.”

“ಮತ್ತೆ ಪ್ರತಿ ವಾರ ಇಲ್ಲಿಗ್ಯಾಕೆ ಬಂದು ಕೂರ್ತಿದ್ದೆ?”

ಪೂನಮ್‌ಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿರಬೇಕು. “ಹೂಂ ಅನ್ನಬೇಕಾದವರು ನೀವಲ್ವಾ ಅಂಕಲ್‌ಜೀ” ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ಚೆನ್ನಾಗಿತ್ತು. ನಮ್ಮ ಕಚೇರಿಯ ಹೊರಗೆ ಬೆಂಚಿನ ಮೇಲೆ ಕೂತು, ಸಾಹೇಬರು ಬಂದರಾ ಎಂದು ಕೇಳುವ ಜನವೂ ಹೀಗೆಯೇ, ಸಿಟ್ಟಿಲ್ಲದೆ ಕಾಯುತ್ತಾರೆ. ಕೆಲಸವಾದ ಮೇಲೆ ಮಿಠಾಯಿಯನ್ನೂ ತರುತ್ತಾರೆ. ಕಚೇರಿಯಲ್ಲಿ ಅಂಥ ಡಬ್ಬಿಯನ್ನು ಮುಟ್ಟದೆ ವಾಪಸು ಕಳಿಸುವವನು ನಾನು. ಇದನ್ನೂ ಕಳಿಸಬೇಕಿತ್ತು, ಅಷ್ಟರಲ್ಲಿ ಗಿರಿಜೆ ಡಬ್ಬಿ ತೆರೆದು, ಒಂದು ಬರ್ಫಿ ಪೂನಮ್‌ಳ ಬಾಯಿಗಿಟ್ಟು, ಪಿಂಕಿ ಯಾರನ್ನು ಮದುವೆಯಾದಳೆಂದು ವಿಚಾರಿಸುತ್ತಿದ್ದಳು.

ಇನ್ನು ಮುಂದೆ ಈ ಉಸಾಬರಿಗೆ ಹೋಗುವುದಿಲ್ಲ ಎಂದು ಗಟ್ಟಿ ಮನಸ್ಸು ಮಾಡಿದೆ. ಹದಿನೈದು ದಿನವೂ ಆಗಿರಲಿಲ್ಲ. ತ್ಯಾಗೀಜಿ ನನ್ನ ವಿನಯವನ್ನು ನಾಲ್ಕೂ ಬ್ಲಾಕಿನಲ್ಲಿ ಹಬ್ಬಿಸಿ, ಮೂರನೇ ಮಹಡಿಯ ವಿಧವೆ ಮೇಡಂ ಒಬ್ಬರನ್ನೂ ಅವರ ಮಗಳನ್ನೂ ಕರೆತಂದು ಸೋಫಾದಲ್ಲಿ ಕೂರಿಸಿದರು. “ಸ್ವಾಮೀಜಿ, ಮಂಗಳವಾರ ಈ ಹುಡುಗಿಗೆ ಇಂಟರ್‌ವ್ಯೂ ಇದೆ. ಹೋಗಬಹುದಾ, ಇನ್ನೂ ಕಲೀಬೇಕಾ, ನೀವು ಹೇಳಿದ ಹಾಗೆ.” ಹುಡುಗಿ ಒಡವೆ ಅಂಗಡಿಯ ಪರ್ಸೊಂದನ್ನು ಬಿಗಿಯಾಗಿ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು.

“ತಯಾರಾಗಿದ್ದಾಳೆ. ಧಾರಾಳವಾಗಿ ಹೋಗಲಿ” ಎಂದೆ.

ಆ ತಾಯಿ ಕೈಮುಗಿದರು. ತ್ಯಾಗೀಜಿ ವಾಹ್ ಎಂದರು. ಅವರೆಲ್ಲ ಹೋದ ಮೇಲೆ ಗಿರಿಜೆ, “ಅಲ್ರೀ, ಆ ಹುಡುಗಿ ಇನ್ನೂ ಬಾಯೇ ಬಿಟ್ಟಿರಲಿಲ್ಲ. ಎರಡು ಮಾತು ಆಡಿಸಿ ಆದರೂ ನೋಡಬಾರದಿತ್ತಾ?” ಎಂದಳು.

“ಆಡಿಸಿದ್ದರೆ ನನಗೆ ತಿಳೀಬೇಕಲ್ಲ” ಎಂದೆ.